ಕಡಿಮೆ ದರದ ಸಂತಾನಹರಣ ಆಪರೇಷನ್: ಕ್ಯಾಂಪ್, ಕ್ಲಿನಿಕ್, ಆಸ್ಪತ್ರೆಗಳನ್ನು ಹೋಲಿಸಿ ನೋಡುವುದು ಹೇಗೆ

ನಾಯಿಯ ಅಥವಾ ಬೆಕ್ಕಿನ ಸಂತಾನಹರಣ ಆಪರೇಷನ್ನಿಗೆ ಎರಡು ಕಡೆ ದರ ವಿಚಾರಿಸಿದರೆ, ಒಂದು ಕಡೆ ಹೇಳಿದ್ದಕ್ಕಿಂತ ಇನ್ನೊಂದು ಕಡೆ ಹಲವು ಪಟ್ಟು ಹೆಚ್ಚು ಹೇಳುವುದು ಮಾಮೂಲು. ಅಗ್ಗದ ಕಡೆ ಹೋದರೆ ಪ್ರಾಣಿಗೆ ಏನಾದರೂ ಆದೀತು ಎಂಬ ಅಂಜಿಕೆ, ದುಬಾರಿ ಕಡೆ ಹೋದರೆ ಸುಮ್ಮನೆ ಸುಲಿಯುತ್ತಿದ್ದಾರೇನೋ ಎಂಬ ಅನುಮಾನ. ಬರೀ ದರ ನೋಡಿದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ. ಆ ಕ್ಲಿನಿಕ್ ದುಡ್ಡನ್ನು ಎಲ್ಲಿ ಉಳಿಸಿದೆ ಎಂದು ನೋಡಬೇಕು.

ಉಳಿಸುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಸಂಖ್ಯೆ. ಬೆಳಗಿನಿಂದ ಸಂಜೆಯವರೆಗೆ ಇದೊಂದೇ ಕೆಲಸ ನಡೆಯುವ ಜಾಗದಲ್ಲಿ ನುರಿತ ಸರ್ಜನ್ ಒಬ್ಬರು ದಿನಕ್ಕೆ 30ರ ಆಸುಪಾಸು ಆಪರೇಷನ್ ಮುಗಿಸುತ್ತಾರೆ. ಕೂದಲು ಬೋಳಿಸಿ, ಚರ್ಮ ತೊಳೆದು, ಟೇಬಲ್ ಮೇಲೆ ಮಲಗಿಸುವವರು ಬೇರೆ. ಎಚ್ಚರವಾಗುವವರೆಗೆ ಪಕ್ಕದಲ್ಲಿ ಇರುವವರು ಬೇರೆ. ಕೈ ಪಳಗಿರುವುದರಿಂದ ಸೀಳು ಚಿಕ್ಕದು, ಅರಿವಳಿಕೆಯ ಹೊತ್ತೂ ಕಡಿಮೆ. ಔಷಧಿ, ದಾರ, ಗ್ಲೌಸ್ ಎಲ್ಲ ಸಗಟು ದರದಲ್ಲಿ ಬರುತ್ತವೆ. ದಾನವೋ ಅನುದಾನವೋ ಇದ್ದರೆ ದರ ಇನ್ನೂ ಇಳಿಯುತ್ತದೆ. ಈ ಉಳಿತಾಯದಿಂದ ಪ್ರಾಣಿಗೆ ಏನೂ ನಷ್ಟವಿಲ್ಲ. ಎರಡನೆಯ ದಾರಿ ಆರೈಕೆಯಲ್ಲೇ ಕೈಬಿಗಿ ಹಿಡಿಯುವುದು: ತೂಕ ನೋಡದೆ ಅಂದಾಜಿನ ಡೋಸ್, ಒಂದೇ ಸೆಟ್ ಉಪಕರಣ ನಾಲ್ಕಾರು ಪ್ರಾಣಿಗೆ, ನೋವಿಗೆ ಇಂಜೆಕ್ಷನ್ ಇಲ್ಲ, ಅರಿವಳಿಕೆಯ ಮಂಪರು ಇಳಿಯುವಾಗ ಹತ್ತಿರ ಯಾರೂ ಇಲ್ಲ. ದರಪಟ್ಟಿಯಲ್ಲಿ ಮಾತ್ರ ಈ ಎರಡೂ ಒಂದೇ ಥರ ಕಾಣುತ್ತವೆ.

ಸಂಖ್ಯೆ ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂಬ ನಂಬಿಕೆಯನ್ನು ಅಂಕಿಗಳು ಬೆಂಬಲಿಸುವುದಿಲ್ಲ. ಸಂತಾನಹರಣವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವ ಒಂದು ಕ್ಲಿನಿಕ್ಕಿನ 71,557 ನಾಯಿ–ಬೆಕ್ಕುಗಳ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ 0.03%, ಅಂದರೆ 10,000ಕ್ಕೆ ಮೂರು ಚಿಲ್ಲರೆ. ಬ್ರಿಟನ್ನಿನ ಪಶು ಆಸ್ಪತ್ರೆಗಳಲ್ಲಿ 2002–04ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ, ಎಲ್ಲ ಬಗೆಯ ಅರಿವಳಿಕೆಯನ್ನೂ ಸೇರಿಸಿ, ನಾಯಿಗಳಲ್ಲಿ 0.17%, ಬೆಕ್ಕುಗಳಲ್ಲಿ 0.24%, ಆರೋಗ್ಯವಂತ ಪ್ರಾಣಿಗಳನ್ನಷ್ಟೇ ಲೆಕ್ಕ ಹಿಡಿದರೆ 0.05% ಮತ್ತು 0.11%. ಇವೆರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ, ಸಂತಾನಹರಣಕ್ಕೆ ಬರುವವು ಬಹುಪಾಲು ಎಳೆಯ, ಗಟ್ಟಿಮುಟ್ಟಾದ ಪ್ರಾಣಿಗಳು. ಆದರೆ ಬ್ರಿಟನ್ನಿನ ಸಮೀಕ್ಷೆಯಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ಸಂಗತಿ ಇದೆ. ಸತ್ತ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧ, ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸತ್ತಿದ್ದು ಆಪರೇಷನ್ ಮುಗಿದ ಮೇಲೆ. ಆ ಸಾವುಗಳಲ್ಲೂ ಸುಮಾರು ಅರ್ಧ ಮೊದಲ 3 ಗಂಟೆಯೊಳಗೆ. ಯಾರು ಆಪರೇಷನ್ ಮಾಡುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವವರು ಕಡಿಮೆ.

ಎಲ್ಲೆಲ್ಲಿ ಮಾಡುತ್ತಾರೆ

ಎಲ್ಲಕ್ಕಿಂತ ಅಗ್ಗ ಕ್ಯಾಂಪ್ ಮತ್ತು ಸಂಚಾರಿ ವ್ಯಾನ್. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗಬೇಕು. ಬಹಳಷ್ಟು ಕಡೆ ಇಂಜೆಕ್ಷನ್ ಅರಿವಳಿಕೆ ಮಾತ್ರ. ಎಳೆಯ, ಆರೋಗ್ಯವಂತ ಗಂಡುಬೆಕ್ಕಿಗೆ ಇಷ್ಟು ಸಾಕು. ಅದು ಕೆಲವೇ ನಿಮಿಷದ ಕೆಲಸ, ಹೊಟ್ಟೆ ತೆರೆಯುವ ಪ್ರಮೇಯವೇ ಇಲ್ಲ. ದೊಡ್ಡ ಹೆಣ್ಣುನಾಯಿಗೆ ಇದೇ ಮಾತು ಹೇಳಲಾಗದು. ಕ್ಯಾಂಪಿನ ನಿಜವಾದ ದೌರ್ಬಲ್ಯ ಕೊಯ್ಯುವ ಕೈಯಲ್ಲಿ ಇರುವುದಕ್ಕಿಂತ ಮರುದಿನದಲ್ಲಿದೆ. ಸಂಜೆ ಗಾಡಿ ಹೊರಟುಬಿಟ್ಟರೆ ರಾತ್ರಿ ಹೊಲಿಗೆ ಬಿಚ್ಚಿದಾಗ ಹೋಗುವುದೆಲ್ಲಿಗೆ? ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ: ಬೀದಿಬೆಕ್ಕುಗಳಿಗಾಗಿ ನಡೆಯುವ ಶಿಬಿರಗಳಲ್ಲಿ ಆಪರೇಷನ್ ಆಗಿದೆ ಎಂಬ ಗುರುತಿಗೆ ಕಿವಿಯ ತುದಿ ಕತ್ತರಿಸುತ್ತಾರೆ. ಸಾಕಿದ ಬೆಕ್ಕನ್ನು ಆ ದರದಲ್ಲಿ ಒಯ್ದರೆ ಅದಕ್ಕೂ ಹಾಗೇ ಮಾಡಿಬಿಡಬಹುದು. ಬೇಡವಾದರೆ ಫಾರ್ಮಿನ ಮೇಲೆ ಬರೆಸಿ.

ಸಂತಾನಹರಣಕ್ಕೇ ಮೀಸಲಾದ ಕಾಯಂ ಕ್ಲಿನಿಕ್ ಎರಡನೆಯದು. ವಯಸ್ಸು 5 ತಿಂಗಳಿಂದ 5 ವರ್ಷದೊಳಗಿದ್ದು, ತೂಕ ಸರಿಯಾಗಿದ್ದು, ಬೇರೆ ರೋಗವಿಲ್ಲದ ಪ್ರಾಣಿಗೆ ಸಾಮಾನ್ಯವಾಗಿ ಇದೇ ಒಳ್ಳೆಯ ಆಯ್ಕೆ. ದಿನವೂ ಇದನ್ನೇ ಮಾಡುವ ಕೈಗೆ ಸಿಗುವ ಹಿಡಿತ, ವಾರಕ್ಕೆ ಒಂದೆರಡು ಮಾಡುವ ಕೈಗೆ ಸಿಗುವುದಿಲ್ಲ. ಆದರೆ ಎಕ್ಸ್‌ರೇ, ರಕ್ತ ಕೊಡುವ ವ್ಯವಸ್ಥೆ, ರಾತ್ರಿ ಪಾಳಿ ಇಂಥ ಕಡೆ ಇರುವುದು ಅಪರೂಪ.

ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ವಿದ್ಯಾರ್ಥಿಗಳು ಆಪರೇಷನ್ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಸೀಳು ಸ್ವಲ್ಪ ಉದ್ದವಿರಬಹುದು, ಸರತಿಗಾಗಿ ವಾರಗಟ್ಟಲೆ ಕಾಯಬೇಕಾಗಬಹುದು. ಆದರೆ ಉಸಿರು, ನಾಡಿ, ಬಿಸಿ ಬರೆದುಕೊಳ್ಳಲೆಂದೇ ಒಬ್ಬರು ಕೂತಿರುತ್ತಾರೆ, ಲ್ಯಾಬ್ ಅಲ್ಲೇ ಇರುತ್ತದೆ. ಖರ್ಚು ಕಡಿಮೆ ಇರಬೇಕು, ಆದರೆ ಪ್ರಾಣಿ ಅಷ್ಟು ಸರಳವಾದ ಕೇಸಲ್ಲ ಎನ್ನುವವರು ಮೊದಲು ವಿಚಾರಿಸಬೇಕಾದ ಜಾಗ ಇದು.

ಪೂರ್ಣ ಸೌಲಭ್ಯದ ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಡ್ರಿಪ್, ಗ್ಯಾಸ್ ಅರಿವಳಿಕೆ, ಮನೆಗೆ ಮಾತ್ರೆ, ಮರುತಪಾಸಣೆ ಎಲ್ಲ ಒಂದೇ ಬಿಲ್ಲಿನಲ್ಲಿ ಬರುವುದು ವಾಡಿಕೆ. ಹಾಗಂತ ದೊಡ್ಡ ಬಿಲ್ಲೇ ಗ್ಯಾರಂಟಿ ಅಂದುಕೊಳ್ಳಬೇಡಿ. ಕೆಳಗಿನ ಪ್ರಶ್ನೆಗಳನ್ನೆಲ್ಲ ಅಲ್ಲೂ ಕೇಳಲೇಬೇಕು. ಲ್ಯಾಪರೊಸ್ಕೊಪಿಯಲ್ಲಿ ಚಿಕ್ಕ ತೂತುಗಳ ಮೂಲಕ ಅಂಡಾಶಯಗಳನ್ನಷ್ಟೇ ತೆಗೆಯುತ್ತಾರೆ. ನೋವು ಕಡಿಮೆ, ಚೇತರಿಕೆ ಬೇಗ, ದರ ಎಲ್ಲಕ್ಕಿಂತ ಹೆಚ್ಚು. ಆರೋಗ್ಯವಂತ ಚಿಕ್ಕ ಪ್ರಾಣಿಗೆ ಅಷ್ಟು ಖರ್ಚು ಮಾಡಲೇಬೇಕೆಂದಿಲ್ಲ.

ಬೋರ್ಡಿನ ದರಕ್ಕೆ ಸೇರದ್ದು

ಫೋನಿನಲ್ಲಿ ಹೇಳುವ ದರ ಸಾಮಾನ್ಯವಾಗಿ ಒಂದು ಕಲ್ಪಿತ ಪ್ರಾಣಿಗೆ: ಎಳೆಯದು, ತೆಳ್ಳಗಿನದು, ಬೆದೆಯಲ್ಲಿಲ್ಲ, ಗಬ್ಬವಾಗಿಲ್ಲ, ಎರಡೂ ವೃಷಣ ಕೆಳಗಿಳಿದಿವೆ, ಲಸಿಕೆ ಪೂರ್ತಿ ಆಗಿದೆ. ನಿಮ್ಮದು ಇದರಲ್ಲಿ ಎಲ್ಲಿ ತಪ್ಪುತ್ತದೋ ಅಲ್ಲಿಂದ ಬಿಲ್ ಏರಲು ಶುರು.

ತೂಕದ ಹಂತ ಮೊದಲನೆಯದು. ಔಷಧಿ ಕಿಲೋ ಲೆಕ್ಕದಲ್ಲಿ ಹೋಗುವುದರಿಂದ 20–25 ಕಿಲೋ ದಾಟಿದರೆ ಹೆಚ್ಚು ಕೇಳುವುದು ನ್ಯಾಯವೇ. ಮನೆಯಲ್ಲಿ ಅಂದಾಜು ಹೇಳುವ ಬದಲು ಹಿಂದಿನ ವಾರ ತೂಕ ಹಾಕಿಸಿ.

ಹೆಣ್ಣುನಾಯಿ ಬೆದೆಯಲ್ಲಿದ್ದರೆ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ಅಂಗಾಂಶ ಮೆದುವಾಗಿ ದಾರ ಬಿಗಿಯುವಾಗಲೇ ಹರಿಯುತ್ತದೆ. ಹೆಚ್ಚು ಹೊತ್ತು, ಹೆಚ್ಚು ದಾರ, ಹೆಚ್ಚು ರಕ್ತ. ಅದಕ್ಕೇ ಹೆಚ್ಚುವರಿ ಶುಲ್ಕ, ಇಲ್ಲವೇ ವಾಪಸು ಕಳಿಸುವುದು. ನಾಯಿಯಾದರೆ ಬೆದೆ ಮುಗಿದು 2–3 ತಿಂಗಳು ಬಿಟ್ಟು ಮಾಡಿಸಿದರೆ ಶುಲ್ಕವೂ ಉಳಿಯುತ್ತದೆ, ಅಪಾಯವೂ ತಗ್ಗುತ್ತದೆ. ನಡುವೆ ಸುಳ್ಳು ಗಬ್ಬದ ಲಕ್ಷಣ ಕಂಡರೆ, ಅಂದರೆ ಮೊಲೆಯಲ್ಲಿ ಹಾಲು ಬಂದು ಗೊಂಬೆಯನ್ನೋ ಚಪ್ಪಲಿಯನ್ನೋ ಮರಿಯಂತೆ ಕಾಯುತ್ತಿದ್ದರೆ, ಅದು ಪೂರ್ತಿ ಇಳಿಯುವವರೆಗೆ ಕಾಯಿರಿ. ಆಗ ಅಂಡಾಶಯ ತೆಗೆದರೆ ಆ ಸ್ಥಿತಿ ಹಾಗೇ ಎಳೆದುಕೊಂಡು ಹೋಗಬಹುದು. ಬೆಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಋತುವಿನಲ್ಲಿ 2–3 ವಾರಕ್ಕೊಮ್ಮೆ ಬೆದೆ ಮರಳಿ ಬರುತ್ತದೆ, ಕಾಯುತ್ತಾ ಕೂತರೆ ಗಬ್ಬವಾಗುತ್ತದೆ. ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಬೆದೆಯಲ್ಲೇ ಮಾಡಿಸುವುದು ಲೇಸು.

ಗಂಡುಮರಿಯಲ್ಲಿ ವೃಷಣಗಳು ಸುಮಾರು 2 ತಿಂಗಳಿಗೆ ಚೀಲಕ್ಕೆ ಇಳಿದಿರಬೇಕು. 6 ತಿಂಗಳಾದರೂ ಒಂದೇ ಕೈಗೆ ಸಿಕ್ಕರೆ ಇನ್ನೊಂದು ತೊಡೆಸಂದಿಯಲ್ಲಿ ಅಥವಾ ಹೊಟ್ಟೆಯೊಳಗೆ ಉಳಿದಿದೆ ಎಂದರ್ಥ. ಆಗ ಐದು ನಿಮಿಷದ ಕೆಲಸ ಹೊಟ್ಟೆ ತೆರೆದು ಹುಡುಕುವ ಕೆಲಸವಾಗುತ್ತದೆ, ದರ ಹೆಣ್ಣುನಾಯಿಯದ್ದಕ್ಕಿಂತಲೂ ಹೆಚ್ಚಾಗಬಹುದು. ಇಲ್ಲಿ ಒಂದು ಎಚ್ಚರ: ಕೈಗೆ ಸಿಕ್ಕಿದ್ದನ್ನಷ್ಟೇ ತೆಗೆದು ಕಳಿಸುವ ಕ್ಲಿನಿಕ್ ಬೇಡ. ಒಳಗೆ ಉಳಿದ ವೃಷಣದಲ್ಲಿ ಗಡ್ಡೆಯಾಗುವ ಸಂಭವ ಹೆಚ್ಚು, ಗಂಡು ಹಾರ್ಮೋನು ಹರಿಯುತ್ತಲೇ ಇರುವುದರಿಂದ ಮೂತ್ರ ಸಿಂಪಡಿಸುವುದೂ ಓಡಿಹೋಗುವುದೂ ನಿಲ್ಲುವುದಿಲ್ಲ. ಹೊರಗಿನ ಗುರುತೂ ಹೋಗಿಬಿಟ್ಟಿರುವುದರಿಂದ ಮುಂದಿನ ಡಾಕ್ಟರಿಗೆ ಆಪರೇಷನ್ ಆದ ಪ್ರಾಣಿಯಂತೆಯೇ ಕಾಣುತ್ತದೆ. ಮನೆಯಲ್ಲೇ ಮುಟ್ಟಿ ನೋಡಿ, ಫೋನಿನಲ್ಲೇ ಹೇಳಿಬಿಡಿ.

ಗಬ್ಬದ ಶುಲ್ಕ, ಹೊಕ್ಕುಳ ಹರ್ನಿಯಾ ಸರಿಪಡಿಸುವುದು, ಬೀಳದೆ ಉಳಿದ ಹಾಲುಹಲ್ಲು ಕೀಳುವುದು, ಮೈಕ್ರೊಚಿಪ್, ಚಿಗಟ–ಉಣ್ಣೆಗೆ ಔಷಧಿ, ಸಂಜೆ ತಡವಾಗಿ ಬಂದರೆ ದಂಡ, ಹೊಲಿಗೆ ಬಿಚ್ಚುವ ಶುಲ್ಕ ಇವೆಲ್ಲ ಸಣ್ಣ ಸಣ್ಣ ಸಾಲುಗಳು; ಕೂಡಿಸಿದರೆ ಸಣ್ಣದಲ್ಲ. ಹರ್ನಿಯಾ ಮತ್ತು ಹಲ್ಲನ್ನು ಅದೇ ಅರಿವಳಿಕೆಯಲ್ಲಿ ಮುಗಿಸಿದರೆ ಲಾಭವೇ. ಲಸಿಕೆ ಮಾತ್ರ ಆಪರೇಷನ್ ದಿನಕ್ಕೆ ಬಿಡಬೇಡಿ. ಆವತ್ತು ಚುಚ್ಚಿದ ಲಸಿಕೆ ಆವತ್ತಿನ ಗುಂಪಿನಲ್ಲಿ ಕಾಪಾಡುವುದಿಲ್ಲ, ನಾಯಿಗಳ ಪಾರ್ವೊ ವೈರಸ್ ರೋಗ ಮತ್ತು ಬೆಕ್ಕಿನ ಜ್ವರಗಳು ಹಬ್ಬುವುದು ಇಂಥ ಸಾಲುಬೋನುಗಳಲ್ಲೇ. ಕನಿಷ್ಠ 2 ವಾರ ಮೊದಲು ನಿಮ್ಮ ಡಾಕ್ಟರ ಹತ್ತಿರ ಮುಗಿಸಿ, ಪುಸ್ತಕ ಜೊತೆಗೆ ಒಯ್ಯಿರಿ. ಇಲ್ಲವಾದರೆ ಕ್ಲಿನಿಕ್ ಕಡ್ಡಾಯವಾಗಿ ತನ್ನ ದರದಲ್ಲಿ ಮತ್ತೆ ಹಾಕುತ್ತದೆ.

ಬೇಕೋ ಬೇಡವೋ ಎಂದು ಟಿಕ್ ಹಾಕಿಸುವ ಸಾಲುಗಳೂ ಇರುತ್ತವೆ. ಇವುಗಳಲ್ಲಿ ನೋವಿನ ಔಷಧಿ ಮತ್ತು ಕೋನ್ (ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಪಟ್ಟಿ) ಎರಡನ್ನು ಬೇಡ ಅನ್ನಲೇಬಾರದು. ಕ್ಯಾನುಲಾ, ಅಂದರೆ ಔಷಧಿ ಕೊಡಲು ರಕ್ತನಾಳದಲ್ಲಿ ಹಾಕಿಡುವ ಸಣ್ಣ ಕೊಳವೆ, ಹೆಣ್ಣುಪ್ರಾಣಿಗೆ ಇರಲಿ. ರಕ್ತದೊತ್ತಡ ಕುಸಿದ ಮೇಲೆ ನರ ಹುಡುಕುತ್ತಾ ಕೂರುವುದಕ್ಕೆ ಸಮಯವಿರುವುದಿಲ್ಲ. ರಕ್ತ ಪರೀಕ್ಷೆಯ ವಿಷಯದಲ್ಲಿ ವಯಸ್ಸು ನೋಡಿ. ಚಟುವಟಿಕೆಯ 7 ತಿಂಗಳ ಮರಿಯಲ್ಲಿ ದೊಡ್ಡ ಪ್ಯಾನೆಲ್‌ನಿಂದ ಹೊಸದೇನೂ ಸಿಗದಿರಬಹುದು. ಆದರೆ ಮೈಮೇಲೆ ಉಣ್ಣೆ ಕಂಡ ನಾಯಿಗೆ ಪ್ಲೇಟ್‌ಲೆಟ್ ಎಣಿಕೆ ಮಾಡಿಸದೆ ಕತ್ತಿ ಹಚ್ಚಿಸಬೇಡಿ. ಉಣ್ಣೆಜ್ವರ ಒಳಗೊಳಗೇ ಇದ್ದರೆ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಹೊರಗೆ ನಾಯಿ ಚೆನ್ನಾಗಿಯೇ ಕಾಣುತ್ತದೆ, ಕೊಯ್ದಾಗ ರಕ್ತ ನಿಲ್ಲುವುದಿಲ್ಲ.

ಕ್ಯಾಂಪಿಗೆ ಒಯ್ಯಬಾರದ ಪ್ರಾಣಿಗಳು

ಪಗ್, ಬುಲ್‌ಡಾಗ್, ಪರ್ಷಿಯನ್‌ನಂಥ ಚಪ್ಪಟೆ ಮೂತಿಯವು ಮೊದಲು. ಇವುಗಳಿಗೆ ಅಪಾಯ ಹೆಚ್ಚಿರುವುದು ಟೇಬಲ್ ಮೇಲಿರುವಾಗಲ್ಲ, ಉಸಿರಿನ ಕೊಳವೆ ತೆಗೆದ ಮೇಲೆ. ಗಂಟಲಿನ ಮೆದು ಮಾಂಸ ಮತ್ತಿನಲ್ಲಿ ಕುಸಿದು ದಾರಿ ಮುಚ್ಚುತ್ತದೆ. ತಲೆಯೆತ್ತಿ, ಕೊಳವೆಯನ್ನು ತಾನೇ ಉಗುಳಲು ನೋಡುವವರೆಗೆ ಒಬ್ಬರು ಪಕ್ಕದಲ್ಲಿ ಕೂರಬೇಕು. ಮೂವತ್ತು ಪ್ರಾಣಿಯ ದಿನದಲ್ಲಿ ಅಷ್ಟು ಹೊತ್ತು ಒಬ್ಬರನ್ನು ಬಿಟ್ಟುಕೊಡುತ್ತಾರೆಯೇ ಎಂದು ನೇರವಾಗಿ ಕೇಳಿ.

ಹೃದಯದಲ್ಲಿ ಮರ್ಮರ ಶಬ್ದ ಇರುವವು, 7 ವರ್ಷ ದಾಟಿದವು, ವಿಪರೀತ ದಪ್ಪ ಇರುವವು, ಹಿಂದೊಮ್ಮೆ ಅರಿವಳಿಕೆಯಲ್ಲಿ ತೊಂದರೆಯಾದವು ಪೂರ್ಣ ಆಸ್ಪತ್ರೆಗೇ ಹೋಗಲಿ. ಡಾಬರ್‌ಮನ್ ತಳಿಯಲ್ಲಿ ವಾನ್ ವಿಲ್ಲೆಬ್ರಾಂಡ್ ಎಂಬ ರಕ್ತ ಹೆಪ್ಪುಗಟ್ಟದ ಅನುವಂಶಿಕ ದೋಷ ಹೆಚ್ಚು. ತುಟಿಯ ಒಳಭಾಗದಲ್ಲಿ ಸಣ್ಣ ಗೀರು ಹಾಕಿ ರಕ್ತ ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ ಎಂದು ಮೊದಲೇ ನೋಡುವ ಸರಳ ಪರೀಕ್ಷೆ ಇದೆ. ಕಾಲಿ, ಆಸ್ಟ್ರೇಲಿಯನ್ ಶೆಪರ್ಡ್ ತಳಿಗಳಲ್ಲಿ ಎಂಡಿಆರ್‌1 ಎಂಬ ಜೀನ್ ದೋಷವಿದ್ದರೆ ಏಸ್‌ಪ್ರೊಮಝೀನ್, ಬ್ಯುಟಾರ್ಫನಾಲ್‌ನಂಥ ಮಂಪರಿನ ಔಷಧಿಗಳ ಡೋಸ್ ಇಳಿಸಬೇಕು. ಎಲ್ಲರಿಗೂ ಒಂದೇ ಮಿಶ್ರಣ ಸಿದ್ಧವಿಟ್ಟುಕೊಂಡು ತೂಕಕ್ಕೆ ತಕ್ಕಂತೆ ಚುಚ್ಚುವ ಕಡೆ ಈ ಮಾತನ್ನು ನೀವೇ ನೆನಪಿಸಬೇಕು.

ಇನ್ನೊಂದು ಬಗೆ ಇದೆ. ಆಪರೇಷನ್ ಆಗದ ನಡುವಯಸ್ಸಿನ ಹೆಣ್ಣುನಾಯಿ, ಬೆದೆ ಮುಗಿದು ತಿಂಗಳು ಒಂದೂವರೆ ತಿಂಗಳಾಗಿದೆ, ನೀರು ಹೆಚ್ಚು ಕುಡಿಯುತ್ತಿದೆ, ಊಟ ಬಿಟ್ಟಿದೆ, ಹಿಂದಿನಿಂದ ಕೀವಿನಂಥ ಸ್ರಾವ. ಇದು ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರ ಇರಬಹುದು. ಆಗ ಸಂತಾನಹರಣದ ದರ ವಿಚಾರಿಸುತ್ತಾ ಕೂರಬಾರದು. ಅದು ಅದೇ ದಿನದ ತುರ್ತು ಆಪರೇಷನ್.

ದೊಡ್ಡ ತಳಿಯ ನಾಯಿಯ ವಯಸ್ಸಿನ ಬಗ್ಗೆ ಒಂದು ಮಾತು. ಕ್ಯಾಂಪುಗಳು ಎಲ್ಲವನ್ನೂ 6 ತಿಂಗಳಿಗೋ ಅದಕ್ಕೂ ಮೊದಲೋ ಕರೆಯುತ್ತವೆ. ಬೆಕ್ಕಿಗೆ, ಚಿಕ್ಕ ನಾಯಿಗೆ ಅದು ಸರಿ. ಬೆಕ್ಕಿಗಂತೂ 5 ತಿಂಗಳೊಳಗೆ ಆದರೆ ಒಳ್ಳೆಯದು. ಬೆಳೆದಾಗ 20 ಕಿಲೋ ಮೀರುವ ಗಂಡುನಾಯಿಗೆ ಎಲುಬಿನ ಬೆಳವಣಿಗೆ ಮುಗಿಯುವವರೆಗೆ, ಅಂದರೆ 9–15 ತಿಂಗಳವರೆಗೆ, ಕಾಯುವುದು ಈಗಿನ ಸಲಹೆ. ಗೋಲ್ಡನ್ ರಿಟ್ರೀವರ್‌ನಂಥ ಕೆಲವು ತಳಿಗಳಲ್ಲಿ ತೀರಾ ಬೇಗ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚುವುದನ್ನು ಅಧ್ಯಯನಗಳು ತೋರಿಸಿವೆ. ಕೀಲಿನ ಚಿಕಿತ್ಸೆಯ ಖರ್ಚಿನ ಮುಂದೆ ಇವತ್ತಿನ ರಿಯಾಯಿತಿ ಏನೂ ಅಲ್ಲ.

ಕೇಳಬೇಕಾದ್ದು

ಕ್ಲಿನಿಕ್ಕಿಗೆ ಒಮ್ಮೆ ಸುಮ್ಮನೆ ಹೋಗಿ ಬನ್ನಿ. ಈ ಐದಕ್ಕೆ ತಡವರಿಸದೆ ಉತ್ತರ ಬರಬೇಕು:

– ಪ್ರತಿ ಪ್ರಾಣಿಗೂ ಪ್ರತ್ಯೇಕ ಉಪಕರಣದ ಪ್ಯಾಕ್ ಇದೆಯೇ? ಆಟೋಕ್ಲೇವ್ (ಒತ್ತಡದ ಉಗಿಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಆದ ಪ್ಯಾಕಿನ ಮೇಲೆ ಬಣ್ಣ ಬದಲಾದ ಪಟ್ಟಿ ಇರುತ್ತದೆ. ಉಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷಕ್ಕಾದರೂ ಹಿಡಿದಿರಬೇಕು. ಔಷಧಿ ನೀರಿನ ಟ್ರೇಯಲ್ಲಿ ಅದ್ದಿ ತೆಗೆದು ಮುಂದಿನ ಪ್ರಾಣಿಗೆ ಬಳಸುವುದನ್ನು ಹೊಟ್ಟೆ ತೆರೆಯುವ ಆಪರೇಷನ್ನಿಗೆ ಒಪ್ಪಬೇಡಿ.

– ಉಸಿರಿನ ಕೊಳವೆ, ಆಮ್ಲಜನಕ, ಪಲ್ಸ್ ಆಕ್ಸಿಮೀಟರ್ ಇವೆಯೇ? ಇಂಜೆಕ್ಷನ್ ಅರಿವಳಿಕೆ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಪಳಗಿದವರ ಕೈಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಉಸಿರು ನಿಂತರೆ ಕೊಳವೆ ಹಾಕಿ ಗಾಳಿ ಕೊಡುವ ವ್ಯವಸ್ಥೆ ಕೈಯಳತೆಯಲ್ಲಿರಬೇಕು.

– ನೋವಿಗೆ ಏನೇನು ಕೊಡುತ್ತೀರಿ? ಕೊಯ್ಯುವ ಮೊದಲು ಒಂದು ಓಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವಿನ ಔಷಧಿ), ಜೊತೆಗೆ ಮೆಲಾಕ್ಸಿಕ್ಯಾಮ್‌ನಂಥ ಊತ–ನೋವು ಇಳಿಸುವ ಔಷಧಿ, ಸೀಳಿನ ಜಾಗವನ್ನು ಮರಗಟ್ಟಿಸಲು ಲಿಡೊಕೇನ್ ಅಥವಾ ಬ್ಯುಪಿವಕೇನ್. ಮೂರರಲ್ಲಿ ಎರಡಾದರೂ ಇರಲಿ. ಮತ್ತಿನಲ್ಲಿರುತ್ತೆ, ಅದಕ್ಕೆ ನೋವು ಗೊತ್ತಾಗಲ್ಲ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

– ಎಚ್ಚರವಾಗುವಾಗ ಬಿಸಿ ಯಾರು ನೋಡುತ್ತಾರೆ? ನಾಯಿ–ಬೆಕ್ಕಿನ ಸಹಜ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಹೊಟ್ಟೆ ತೆರೆದು, ಮೈಯೆಲ್ಲ ಸ್ಪಿರಿಟ್ ಒರೆಸಿದ ಮರಿ ಬೇಗ 36ಕ್ಕೆ ಇಳಿಯುತ್ತದೆ, ಔಷಧಿ ಕರಗುವುದು ನಿಧಾನವಾಗುತ್ತದೆ. ಕಾಯಿಸುವುದಕ್ಕೆ ಏನು ಬಳಸುತ್ತಾರೆ ಎಂದೂ ನೋಡಿ. ಕುದಿನೀರಿನ ಬಾಟಲಿಯನ್ನು ನೇರ ಚರ್ಮಕ್ಕೆ ಇಟ್ಟರೆ ಮತ್ತಿನಲ್ಲಿರುವ ಪ್ರಾಣಿಗೆ ಸರಿದುಕೊಳ್ಳಲಾಗುವುದಿಲ್ಲ. ಸುಟ್ಟಿದ್ದು ಎಷ್ಟೋ ದಿನದ ಮೇಲೆ ಬೆನ್ನಿನ ಚರ್ಮ ಕಪ್ಪಾಗಿ ಕಳಚಿದಾಗಷ್ಟೇ ತಿಳಿಯುತ್ತದೆ.

– ರಾತ್ರಿ ತೊಂದರೆಯಾದರೆ ಯಾವ ನಂಬರ್, ಎಲ್ಲಿಗೆ ಬರಬೇಕು, ಅದರ ಖರ್ಚು ಯಾರದು?

ಉಪವಾಸದ ಸೂಚನೆಯಿಂದಲೂ ಕ್ಲಿನಿಕ್ಕಿನ ಅಂದಾಜು ಸಿಗುತ್ತದೆ. ದೊಡ್ಡ ಪ್ರಾಣಿಗೆ ಊಟ ಬಿಡಿಸುವುದು 6–8 ಗಂಟೆ, ನೀರು ಬೆಳಗಿನವರೆಗೂ ಇರಬೇಕು. 4 ತಿಂಗಳೊಳಗಿನ ಮರಿಗೆ 2–4 ಗಂಟೆಗಿಂತ ಹೆಚ್ಚು ಉಪವಾಸ ಬೇಡ, ಸಕ್ಕರೆ ಅಂಶ ಕುಸಿದು ನಡುಕ, ಸೆಳವು ಬರಬಹುದು. ಎಲ್ಲರಿಗೂ ರಾತ್ರಿ ಎಂಟರಿಂದ ಏನೂ ಕೊಡಬೇಡಿ ಎಂದು ಹೇಳಿ ಮಧ್ಯಾಹ್ನ ಮೂರಕ್ಕೆ ಟೇಬಲ್ಲಿಗೆ ತರುವ ಕ್ಯಾಂಪ್ ಚಿಕ್ಕ ಮರಿಗಳಿಗೆ ಸಲ್ಲದು. ಸರತಿ ಎಷ್ಟನೆಯದು ಎಂದು ಕೇಳಿ, ಮರಿಗಳನ್ನು ಮೊದಲು ತೆಗೆದುಕೊಳ್ಳಲು ಹೇಳಿ.

ತೊಡಕುಗಳು: ಆವತ್ತಿನ ಸಂಜೆ

ಹೆಣ್ಣುಪ್ರಾಣಿಯಲ್ಲಿ ಎಲ್ಲಕ್ಕಿಂತ ಭಯದ್ದು ಒಳರಕ್ತಸ್ರಾವ. ಅಂಡಾಶಯ ಪಕ್ಕೆಲುಬಿನ ಹಿಂದೆ ಆಳದಲ್ಲಿ ಒಂದು ಗಟ್ಟಿ ಪಟ್ಟಿಗೆ ಅಂಟಿರುತ್ತದೆ. ಆ ಪಟ್ಟಿಯನ್ನು ಬೆರಳಲ್ಲಿ ಎಳೆದು ಸಡಿಲಿಸಿ, ಅಂಡಾಶಯವನ್ನು ಸೀಳಿನ ಹತ್ತಿರ ತಂದು, ಬುಡದ ರಕ್ತನಾಳಕ್ಕೆ ದಾರ ಕಟ್ಟಿ ಕತ್ತರಿಸುತ್ತಾರೆ. ದಪ್ಪನೆಯ ನಾಯಿಯಲ್ಲಿ ಆ ಬುಡದ ಸುತ್ತ ಕೊಬ್ಬು. ದಾರ ನಾಳವನ್ನು ಹಿಡಿಯುವ ಬದಲು ಕೊಬ್ಬನ್ನು ಹಿಡಿದಿರುತ್ತದೆ. ಅರಿವಳಿಕೆಯಲ್ಲಿ ರಕ್ತದೊತ್ತಡ ಕಡಿಮೆ ಇರುವುದರಿಂದ ಹೊಲಿಗೆ ಹಾಕುವಾಗ ಏನೂ ಕಾಣುವುದಿಲ್ಲ. ಎಚ್ಚರವಾಗಿ ಒತ್ತಡ ಏರಿದ ಮೇಲೆ ಗಂಟು ಜಾರುತ್ತದೆ, ಅಷ್ಟರಲ್ಲಿ ನಾಯಿ ಮನೆ ಸೇರಿರುತ್ತದೆ.

ಮನೆಯವರು ಇದನ್ನು ಅರಿವಳಿಕೆಯ ಮಂಪರು ಇನ್ನೂ ಇಳಿದಿಲ್ಲ ಎಂದುಕೊಂಡು ಮಲಗಲು ಬಿಡುತ್ತಾರೆ. ವ್ಯತ್ಯಾಸ ತಿಳಿಯುವ ದಾರಿ ವಸಡು. ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಮಂಪರಿನಲ್ಲಷ್ಟೇ ಇರುವ ನಾಯಿಯ ವಸಡು ಗುಲಾಬಿಯಾಗಿಯೇ ಇರುತ್ತದೆ, ಕರೆದರೆ ಕಿವಿಯಾದರೂ ಅಲ್ಲಾಡುತ್ತದೆ, ಗಂಟೆಗಂಟೆಗೂ ಚುರುಕಾಗುತ್ತದೆ. ರಕ್ತ ಹೋಗುತ್ತಿರುವ ನಾಯಿ ಗಂಟೆಗಂಟೆಗೂ ಮಂಕಾಗುತ್ತದೆ: ವಸಡು ಬಿಳಿಚಿ, ಪಾದ ತಣ್ಣಗೆ, ಉಸಿರು ವೇಗ, ಹೊಟ್ಟೆ ಉಬ್ಬಿದಂತೆ. ಆಗ ಬೆಳಗಿನವರೆಗೆ ಕಾಯುವಂತಿಲ್ಲ. ಹೊಟ್ಟೆ ಮತ್ತೆ ತೆರೆದು ನಾಳ ಕಟ್ಟಬೇಕು. ಆ ರಾತ್ರಿಯ ತುರ್ತು ಬಿಲ್ ಮೂಲ ದರದ ಎಷ್ಟೋ ಪಟ್ಟು ಇರುತ್ತದೆ. ಮೊದಲ ರಾತ್ರಿ ಎರಡು ಗಂಟೆಗೊಮ್ಮೆ ವಸಡು ನೋಡಿ. ಆವತ್ತು ಎಂದಿನ ಊಟದ ಅರ್ಧ ಸಾಕು. ಒಂದೆರಡು ಸಲ ವಾಂತಿಯಾದರೆ ಗಾಬರಿ ಬೇಡ, ನಿಲ್ಲದಿದ್ದರೆ ಫೋನ್ ಮಾಡಿ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ನಾಯಿಗೆ ಐಬುಪ್ರೊಫೆನ್ ಹೊಟ್ಟೆಹುಣ್ಣು ತರುತ್ತದೆ, ಕಿಡ್ನಿಗೂ ಕುತ್ತು.

ನಂತರದ ಎರಡು ವಾರ

ಹೊಟ್ಟೆಯ ಸೀಳನ್ನು ಪದರ ಪದರವಾಗಿ ಹೊಲಿಯುತ್ತಾರೆ. ಬಲವಿರುವುದು ಒಳಗಿನ ಸ್ನಾಯುಪದರದ ಹೊಲಿಗೆಯಲ್ಲಿ, ಕಣ್ಣಿಗೆ ಕಾಣುವ ಚರ್ಮದ ಹೊಲಿಗೆಯಲ್ಲಲ್ಲ. ಚರ್ಮದೊಳಗೆ ಕರಗುವ ದಾರ ಹಾಕಿದ್ದರೆ ಬಿಚ್ಚಿಸುವ ಕೆಲಸವಿಲ್ಲ. ಹೊರಗೆ ಗಂಟು ಕಾಣುತ್ತಿದ್ದರೆ 10–14 ದಿನಕ್ಕೆ ಬಿಚ್ಚಿಸಬೇಕು. ಯಾವುದು ಎಂದು ಮನೆಗೆ ಹೊರಡುವ ಮೊದಲೇ ಕೇಳಿ, ಕ್ಯಾಂಪಿನ ಚೀಟಿಯಲ್ಲಿ ಬರೆದಿರುವುದಿಲ್ಲ.

ದಿನಕ್ಕೆರಡು ಸಲ ಬೆಳಕಿನಲ್ಲಿ ಗಾಯ ನೋಡಿ, ಒಂದು ಫೋಟೊ ತೆಗೆದಿಡಿ. ನಿನ್ನೆಯದಕ್ಕೆ ಹೋಲಿಸಲು ಅದೇ ಆಧಾರ. ಮೊದಲೆರಡು ದಿನ ತುಸು ಕೆಂಪು, ಅಂಚಿನಲ್ಲಿ ಊತ ಸಹಜ. ಮೂರರಿಂದ ಐದನೇ ದಿನ ಮೆದುವಾದ, ನೋವಿಲ್ಲದ, ನೀರು ತುಂಬಿದಂಥ ಉಬ್ಬು ಬಂದರೆ ಓಡಾಟ ಹೆಚ್ಚಾಗಿದೆ ಎಂದು. ಜಿಗಿತ ನಿಲ್ಲಿಸಿದರೆ ತಾನೇ ಇಳಿಯುತ್ತದೆ, ಸೂಜಿ ಚುಚ್ಚಿ ತೆಗೆಯಲು ಹೋದರೆ ಸೋಂಕು ತಂದುಕೊಂಡಂತೆ. ಬಿಸಿಯಾಗಿ, ಗಟ್ಟಿಯಾಗಿ, ಕೀವು ಅಥವಾ ವಾಸನೆ ಬಂದರೆ ಸೋಂಕು. ಗಾಯ ಬಾಯಿಬಿಟ್ಟು ಒಳಗಿನದು ಹೊರಗೆ ಇಣುಕಿದರೆ ಒಳಕ್ಕೆ ದೂಡಬೇಡಿ. ಸಲೈನ್‌ನಲ್ಲಿ ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ, ನೆಕ್ಕದಂತೆ ಹಿಡಿದು, ತಕ್ಷಣ ಹೊರಡಿ.

ಗಾಯ ಬಿಚ್ಚಿಕೊಳ್ಳುವುದಕ್ಕೆ ಬಹುಪಾಲು ಕಾರಣ ನಾಲಿಗೆ. ರಾತ್ರಿ ಹತ್ತು ನಿಮಿಷ ಕೋನ್ ತೆಗೆದಿಟ್ಟದ್ದು ಸಾಕು. ಪಾಪ, ಊಟ ಮಾಡಲಿ ಎಂದು ತೆಗೆದರೆ ಎದುರಿಗೇ ಕೂತು ಮತ್ತೆ ಹಾಕಿ. 10–14 ದಿನ ಕೋನ್ ಇರಲಿ. ಸ್ನಾನ, ಓಟ, ಮೆಟ್ಟಿಲ ಹಾರಾಟ ಬೇಡ.

ಗಂಡುನಾಯಿಯಲ್ಲಿ ಚೀಲ ಆಪರೇಷನ್ನಿಗೆ ಮೊದಲು ಇದ್ದದ್ದಕ್ಕಿಂತ ದೊಡ್ಡದಾಗಿ ನೀಲಿಗಟ್ಟಿದರೆ ಒಳಗೆ ರಕ್ತ ತುಂಬಿದೆ. ಬೊಗಳುತ್ತಾ ಜಿಗಿಯುವ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಗಂಡುಬೆಕ್ಕಿಗೆ ಸಾಮಾನ್ಯವಾಗಿ ಹೊಲಿಗೆಯೇ ಇರುವುದಿಲ್ಲ, ತೆರೆದ ಗಾಯ ತಾನೇ ಕೂಡಿಕೊಳ್ಳುತ್ತದೆ. ಕೆಲವು ದಿನ ಮರಳಿನ ಬದಲು ಹರಿದ ಕಾಗದ ಹಾಕಿದರೆ ಗಾಯಕ್ಕೆ ಹರಳು ಅಂಟುವುದು ತಪ್ಪುತ್ತದೆ. ಗಂಡುಗಳ ಒಳನಾಳದಲ್ಲಿ ವೀರ್ಯ ಕೆಲವು ವಾರ ಉಳಿದಿರುತ್ತದೆ, ಬೆದೆಯ ಹೆಣ್ಣಿನ ಹತ್ತಿರ 4–6 ವಾರ ಬಿಡಬೇಡಿ.

ಸಹಿ ಹಾಕುವ ಕಾಗದ

ಒಪ್ಪಿಗೆ ಪತ್ರವನ್ನು ಬೆಳಗಿನ ನೂಕುನುಗ್ಗಲಲ್ಲಿ ಓದಲಾಗದು. ಹಿಂದಿನ ದಿನವೇ ಫೋಟೊ ಕಳಿಸಲು ಕೇಳಿ. ಮೂರು ಸಾಲು ಹುಡುಕಿ. ಆಪರೇಷನ್ ವೇಳೆ ಅಗತ್ಯ ಕಂಡ ಬೇರೆ ಚಿಕಿತ್ಸೆಯನ್ನು ಕೇಳದೆ ಮಾಡಿ ಬಿಲ್ಲಿಗೆ ಸೇರಿಸುತ್ತೇವೆ ಎಂದಿದ್ದರೆ, ಇಂತಿಷ್ಟರ ಮೇಲೆ ಹೋದರೆ ಫೋನ್ ಮಾಡಿ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿ. ಆವತ್ತು ಫೋನ್ ಕೈಯಲ್ಲೇ ಇರಲಿ. ಎರಡನೆಯದು, ಉಸಿರು ನಿಂತರೆ ಮರುಜೀವ ಕೊಡುವ ಪ್ರಯತ್ನ ಮಾಡಬೇಕೇ ಎಂಬ ಕಲಂ, ಖಾಲಿ ಬಿಡಬೇಡಿ. ಮೂರನೆಯದೇ ದುಬಾರಿ: ಮನೆಗೆ ಹೋದ ಮೇಲಿನ ತೊಂದರೆಗೆ ನಿಮ್ಮ ಡಾಕ್ಟರನ್ನು ಕಾಣಿ, ಖರ್ಚು ನಿಮ್ಮದು. ಒಳ್ಳೆಯ ಕಡಿಮೆ ದರದ ಕ್ಲಿನಿಕ್‌ಗಳು ಗಾಯಕ್ಕೆ ಸಂಬಂಧಿಸಿದ ಮರುತಪಾಸಣೆಯನ್ನಾದರೂ ಎರಡು ವಾರ ಉಚಿತವಾಗಿ ಮಾಡುತ್ತವೆ. ಅದೂ ಇಲ್ಲದ ಕಡೆ, ನಿಮ್ಮ ಡಾಕ್ಟರ ಒಂದೆರಡು ಭೇಟಿಯ ಶುಲ್ಕವನ್ನು ಮೊದಲೇ ದರಕ್ಕೆ ಕೂಡಿಸಿ ಹೋಲಿಸಿ. ಬೋರ್ಡಿನ ದರ, ನಿಮ್ಮ ಪ್ರಾಣಿಗೆ ಅನ್ವಯಿಸುವ ಹೆಚ್ಚುವರಿಗಳು, ನೋವಿನ ಔಷಧಿ, ಕೋನ್, ಮರುಭೇಟಿ ಇಷ್ಟನ್ನು ಎರಡು ಕಾಲಮ್ಮಿನಲ್ಲಿ ಬರೆದರೆ ಅಂತರ ಎಷ್ಟೋ ಸಲ ಅರ್ಧಕ್ಕಿಳಿಯುತ್ತದೆ. ಚಪ್ಪಟೆ ಮೂತಿಯ, ವಯಸ್ಸಾದ, ಅಥವಾ ವೃಷಣ ಇಳಿಯದ ಪ್ರಾಣಿಗೆ ಆ ಅಂತರ ಉಳಿಯದೇ ಹೋಗಬಹುದು.

ಬಿಲ್ ಮತ್ತು ಆಪರೇಷನ್ ಚೀಟಿಯನ್ನು ವರ್ಷಗಟ್ಟಲೆ ಕಾಪಾಡಿ. ಕೆಲವು ತೊಡಕುಗಳು ತಡವಾಗಿಯೇ ತಲೆದೋರುತ್ತವೆ. ಮಲಗಿದಲ್ಲೇ ಮೂತ್ರ ಸೋರುವುದು 20 ಕಿಲೋ ಮೀರಿದ ಹೆಣ್ಣುನಾಯಿಗಳಲ್ಲಿ ಹೆಚ್ಚು. ಅದು ಸರ್ಜನ್ ತಪ್ಪಲ್ಲ, ಔಷಧಿಗೆ ಬಗ್ಗುತ್ತದೆ, ಆದರೆ ಬಹುಕಾಲ ಕೊಡಬೇಕು. ಆಪರೇಷನ್ ಆದ ಪ್ರಾಣಿಗೆ ಊಟ 20–30% ಇಳಿಸದಿದ್ದರೆ ತೂಕ ಏರುವುದಂತೂ ಖಂಡಿತ. ಹೆಣ್ಣು ಮತ್ತೆ ಬೆದೆಗೆ ಬಂದಂತೆ ಕಂಡರೆ, ಅಂದರೆ ಬೆಕ್ಕು ಹಿಂಭಾಗ ಎತ್ತಿ ಕೂಗಾಡಿದರೆ, ನಾಯಿಯ ಹಿಂದೆ ಗಂಡುಗಳು ಸುತ್ತಿದರೆ, ಅಂಡಾಶಯದ ತುಣುಕು ಉಳಿದಿರಬಹುದು. ಬಲಗಡೆಯ ಅಂಡಾಶಯ ಇನ್ನೂ ಮುಂದಕ್ಕೆ, ಆಳದಲ್ಲಿರುವುದರಿಂದ ಚಿಕ್ಕ ಸೀಳಿನಲ್ಲಿ ಅದನ್ನು ಪೂರ್ತಿ ಹೊರತೆಗೆಯುವುದು ಕಷ್ಟ. ಅಂಡಾಶಯದಿಂದ ಬರುವ ಎಎಂಎಚ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆಯಿಂದ ತುಣುಕು ಇರುವುದು ತಿಳಿಯುತ್ತದೆ. ಹುಡುಕಿ ತೆಗೆಯುವ ಎರಡನೇ ಆಪರೇಷನ್ನನ್ನು ಬೆದೆಯ ಲಕ್ಷಣ ಇರುವಾಗಲೇ ಅಥವಾ ಅದಾದ ಕೂಡಲೇ ಮಾಡಿಸುವುದು ಒಳ್ಳೆಯದು, ಆಗ ತುಣುಕು ಉಬ್ಬಿ ಕಣ್ಣಿಗೆ ಸಿಗುತ್ತದೆ. ಮೊದಲ ಕ್ಲಿನಿಕ್ಕಿಗೆ ಹಳೆಯ ಚೀಟಿ ತೋರಿಸಿ ವಿಚಾರಿಸಿ. ಕೆಲವರು ಇದನ್ನು ಉಚಿತವಾಗಿ ಮಾಡಿಕೊಡುತ್ತಾರೆ.